ವೈರಸ್ಸಿನ ಅಕ್ಷರ ಕೆಡಿಸುವ ಕಿಣ್ವ

ನಮಸ್ಕಾರ ಕೇಳುಗರೇ. ರೋಗನಿರೋಧಕ ಶಕ್ತಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬಿಳಿ ರಕ್ತಕಣ, ಪ್ರತಿಕಾಯ, ಲಸಿಕೆ, ಇಷ್ಟೇ. ಆಮೇಲೆ ಮಾಮೂಲಿ ಪ್ರಶ್ನೆ: ಏನು ತಿಂದರೆ ಅದು ಜಾಸ್ತಿ ಆಗುತ್ತದೆ? ಆ ಪ್ರಶ್ನೆಯನ್ನು ಇವತ್ತು ದಯವಿಟ್ಟು ಪಕ್ಕಕ್ಕಿಡೋಣ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ನಮ್ಮ ಜೀವಕೋಶಕ್ಕೆ ವೈರಸ್ಸಿನ ಅಕ್ಷರ ಕೆಡಿಸಲು ಬರುತ್ತದೆ.

ಡಿಎನ್‌ಎ ಬರೆದಿರುವುದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ. ಇದು ನಿಮಗೆ ಗೊತ್ತು. ಅಪೊಬೆಕ್-3 ಎಂಬ ಕಿಣ್ವಗಳ ಕುಟುಂಬ ಇದೆ. ಮನುಷ್ಯರಲ್ಲಿ ಇವುಗಳ ಜೀನ್‌ಗಳು ಏಳು, ಏಳೂ 22ನೇ ಕ್ರೋಮೋಸೋಮಿನಲ್ಲಿ ಒಟ್ಟಿಗೆ ಕೂತಿವೆ. ಇಲಿಗೆ ಇರುವುದು ಒಂದೇ. ಇವು ಮಾಡುವ ಕೆಲಸ ತೀರಾ ಸಣ್ಣದು. ಸಿ ಅಕ್ಷರದಿಂದ ಒಂದು ಅಮೈನೋ ಗುಂಪನ್ನು ಕಿತ್ತುಹಾಕುತ್ತವೆ, ಸಿ ಇದ್ದದ್ದು ಯು ಆಗುತ್ತದೆ. ಯು ಡಿಎನ್‌ಎಯಲ್ಲಿ ಇರಬೇಕಾದ ಅಕ್ಷರವೇ ಅಲ್ಲ!

ಇದು ಗೊತ್ತಾದ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಎಚ್‌ಐವಿ ವೈರಸ್ಸಿನಲ್ಲಿ ವಿಫ್ ಎಂಬ ಪುಟ್ಟ ಪ್ರೋಟೀನ್ ಇದೆ. ಅದು ಏಕೆ ಬೇಕು ಅಂತ ಯಾರಿಗೂ ತಿಳಿದಿರಲಿಲ್ಲ. ವಿಫ್ ಇಲ್ಲದ ವೈರಸ್ಸನ್ನು ಪ್ರಯೋಗಾಲಯದ ಕೆಲವು ಕೋಶಗಳಲ್ಲಿ ಬೆಳೆಸಿದರೆ ಸುಮ್ನೆ ಬೆಳೆಯುತ್ತಿತ್ತು. ಇನ್ನು ಕೆಲವು ಕೋಶಗಳಿಂದ ವೈರಸ್ ಹೊರಗೇನೋ ಬರುತ್ತಿತ್ತು, ಆದರೆ ಮುಂದಿನ ಕೋಶಕ್ಕೆ ಸೋಂಕು ತಗುಲಿಸಲು ಆಗುತ್ತಿರಲಿಲ್ಲ. ಹಾಗಾದರೆ ಮೊದಲ ಬಗೆಯ ಕೋಶದಲ್ಲಿ ವೈರಸ್ಸಿಗೆ ನೆರವಾಗುವ ಏನೋ ಇದೆಯೋ, ಅಥವಾ ಎರಡನೆಯದರಲ್ಲಿ ಅಡ್ಡಿ ಮಾಡುವ ಏನೋ ಇದೆಯೋ? 1998ರಲ್ಲಿ ಎರಡು ತಂಡಗಳು ಒಂದು ಉಪಾಯ ಮಾಡಿದವು. ಎರಡೂ ಬಗೆಯ ಕೋಶಗಳನ್ನು ಬೆಸೆದು ಒಂದೇ ಕೋಶ ಮಾಡಿಬಿಟ್ಟವು! ಬೆಸೆದ ಕೋಶದಿಂದ ಬಂದ ವೈರಸ್ ಕೂಡ ನಿಷ್ಪ್ರಯೋಜಕ. ಅಂದರೆ ಅಡ್ಡಿ ಮಾಡುವವರು ಒಳಗೆ ಇದ್ದಾರೆ ಅಂತ ಆಯಿತು, ಅಲ್ವಾ? ಎಷ್ಟು ಸರಳ ಪ್ರಯೋಗ ನೋಡಿ. ಆನ್ ಶೀಹಿ, ಮೈಕೆಲ್ ಮಾಲಿಮ್ ಮತ್ತು ಸಂಗಡಿಗರು ಒಂದೇ ಮೂಲದ ಎರಡು ಕೋಶಗಳನ್ನು ತೆಗೆದುಕೊಂಡರು. ಒಂದು ಅಡ್ಡಿ ಮಾಡುವಂಥದ್ದು, ಇನ್ನೊಂದು ಮಾಡದಂಥದ್ದು. ಎರಡರಲ್ಲೂ ಕೆಲಸ ಮಾಡುತ್ತಿದ್ದ ಜೀನ್‌ಗಳನ್ನೆಲ್ಲ ಕಳೆಯುತ್ತಾ ಹೋಗಿ, ಒಂದರಲ್ಲಿ ಮಾತ್ರ ಕೆಲಸ ಮಾಡುತ್ತಿದ್ದ ಜೀನನ್ನು 2002ರಲ್ಲಿ ಹಿಡಿದರು. ಅದನ್ನು ಅಡ್ಡಿ ಮಾಡದ ಕೋಶಕ್ಕೆ ಸೇರಿಸಿದರೆ ಅದೂ ಅಡ್ಡಿ ಮಾಡತೊಡಗಿತು. ಅದೇ ಅಪೊಬೆಕ್-3ಜಿ.

ಮರುವರ್ಷವೇ ಅದರ ಕೈಚಳಕ ಬಯಲಾಯಿತು. ಈ ಕಿಣ್ವ ಹುಟ್ಟುತ್ತಿರುವ ವೈರಸ್ಸಿನೊಳಗೆ ಟಿಕೆಟ್ ಇಲ್ಲದ ಪ್ರಯಾಣಿಕನ ಹಾಗೆ ಹತ್ತಿ ಕೂರುತ್ತದೆ. ವೈರಸ್ ಹೊಸ ಕೋಶಕ್ಕೆ ಹೋಗಿ ತನ್ನ ಮೂಲ ಬರಹವಾದ ಆರ್‌ಎನ್‌ಎಯಿಂದ ಡಿಎನ್‌ಎ ಬರೆಯಲು ಶುರು ಮಾಡಿದ ಕೂಡಲೇ, ಆ ಒಂಟಿ ಎಳೆಯ ಮೇಲೆ ಸಿ ಕಂಡಲ್ಲೆಲ್ಲ ಯು ಮಾಡುತ್ತಾ ಹೋಗುತ್ತದೆ. ಎದುರು ಎಳೆ ಬರೆಯುವಾಗ ಸಿ ಎದುರಿಗೆ ಜಿ ಬರಬೇಕಾದ ಕಡೆ, ಯು ಎದುರಿಗೆ ಎ ಬರುತ್ತದೆ. ಒಂದೆರಡು ತಪ್ಪಲ್ಲ, ಸಾಲುಸಾಲು ತಪ್ಪು. ಅಂಥ ಡಿಎನ್‌ಎ ಇಟ್ಟುಕೊಂಡು ವೈರಸ್ ಏನು ಮಾಡೀತು? ಅಕ್ಷರ ಕೆಟ್ಟಿತು, ವೈರಸ್ ಕೆಟ್ಟಿತು.

ಹಾಗಾದರೆ ಎಚ್‌ಐವಿ ನಮ್ಮನ್ನು ಹೇಗೆ ಕಾಡುತ್ತದೆ ಅಂತೀರಾ? ವಿಫ್‌ನಿಂದ. ವಿಫ್ ಈ ಕಿಣ್ವವನ್ನು ಹಿಡಿದು, ಕೋಶವು ತನ್ನ ಹಳೇ ಪ್ರೋಟೀನುಗಳನ್ನು ಚೂರು ಮಾಡುವ ಯಂತ್ರಕ್ಕೇ ಒಪ್ಪಿಸಿಬಿಡುತ್ತದೆ. ವೈರಸ್ಸಿನೊಳಗೆ ಹತ್ತಲು ಕಿಣ್ವ ಉಳಿಯುವುದೇ ಇಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಓಡಿಸುತ್ತೇನೆ. ಇದೇ ದೊಡ್ಡ ಕುಟುಂಬದ ಏಡ್ ಎಂಬ ಕಿಣ್ವವನ್ನು 1999ರಲ್ಲಿ ತಸುಕು ಹೊಂಜೊ ತಂಡ ಕಂಡುಹಿಡಿಯಿತು. ಅದು ಕೆಡಿಸುವುದು ನಮ್ಮದೇ ಪ್ರತಿಕಾಯದ ಜೀನ್‌ಗಳ ಅಕ್ಷರವನ್ನು, ಬೇಕೆಂದೇ! ಹಾಗೆ ಬದಲಾದವುಗಳಲ್ಲಿ ವೈರಸ್ಸನ್ನು ಇನ್ನೂ ಗಟ್ಟಿಯಾಗಿ ಹಿಡಿಯುವಂಥವು ಉಳಿದುಕೊಳ್ಳುತ್ತವೆ. ಇನ್ನು ಅಪಾಯ ಕೇಳಿದರೆ, ಹೌದು, ಇದೆ. ಅಪೊಬೆಕ್ ಮಾಡಿದ ಅಕ್ಷರದೋಷಗಳ ಗುರುತು ಸ್ತನ ಕ್ಯಾನ್ಸರ್, ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಸ್ಪಷ್ಟವಾಗಿ ಸಿಕ್ಕಿದೆ. ವಿಫ್‌ನ ಕೈಕಟ್ಟುವ ಔಷಧಿಗಾಗಿ ಪ್ರಯೋಗಾಲಯಗಳಲ್ಲಿ ಹುಡುಕಾಟ ನಡೆದಿದೆ, ಅಂಗಡಿಗೆ ಬಂದಿಲ್ಲ. ಆದ್ದರಿಂದ ಯಾರಾದರೂ ಈ ಹೆಸರು ಹೇಳಿ ಮಾತ್ರೆ ಮಾರಲು ಬಂದರೆ ಕೊಳ್ಳಬೇಡಿ. ನಮಸ್ಕಾರ.