ಹವ್ಯಾಸದ ಗುರಿಗೆ ಅಗ್ಗದ ಬಂದೂಕು ಸಾಕೇ?

ನಮಸ್ಕಾರ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯ ಕಂಚು ಗೆದ್ದ ಮೇಲೆ, ಪುಣೆಯ ನಮ್ಮ ಕನ್ನಡ ಮನೆಗಳಲ್ಲಿಯೂ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತಿದೆ. ಪದಕದ ಆಸೆಯಿಲ್ಲದೆ, ವಾರಕ್ಕೊಮ್ಮೆ ಗುರಿ ಹೊಡೆಯುವ ಸಂತೋಷಕ್ಕಾಗಿ ಕಡಿಮೆ ಬೆಲೆಯ ಬಂದೂಕೊಂದನ್ನು ಕೊಳ್ಳಬಹುದೇ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ಬಲದ, ಸರಳವಾದ ಏರ್ ರೈಫಲ್, ಅಂದರೆ ಮದ್ದಿನ ಬದಲು ಒತ್ತಿದ ಗಾಳಿಯಿಂದ ಹಾರಿಸುವ ಬಂದೂಕು, ಅಗ್ಗವಾಗಿದ್ದರೂ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಸ್ವಲ್ಪ ಹಣಕ್ಕೆ ಭಾರೀ ವೇಗ ಎಂದು ಮಾರುವ ಏರ್ ಗನ್ನಿಗಾಗಲಿ, ಅಗ್ಗವಾಗಿ ಸಿಕ್ಕಿತೆಂದು ಕೊಳ್ಳುವ ಮದ್ದಿನ ಬಂದೂಕಿಗಾಗಲಿ ಹವ್ಯಾಸಿಗಳು ಹಣ ಹಾಕಬಾರದು.

ಮದ್ದಿನ ಬಂದೂಕಿನ ಮಾತನ್ನು ಬೇಗ ಮುಗಿಸೋಣ. ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಪುಣೆ ನಗರದಲ್ಲಿ ಅದನ್ನು ಕೊಡುವ ಅಧಿಕಾರ ಪೊಲೀಸ್ ಆಯುಕ್ತರದು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪಕ್ಕದ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದ್ದರೇನು, ಪುಣೆಯವರು ಒಂದೊಂದು ಗುಂಡನ್ನೂ ಪರವಾನಗಿಯ ಲೆಕ್ಕದಲ್ಲಿಯೇ ಕೊಳ್ಳಬೇಕು. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದ ಕೊಡಗಿನ ಗೆಳೆಯರ ಮಾತು ಕೇಳಿ ಹಲವರಿಗೆ ಆಸೆ ಹುಟ್ಟುತ್ತದೆ. ಆದರೆ ಕೊಡವರಿಗೆ ಕಾನೂನು ಕೊಟ್ಟಿರುವ ವಿನಾಯಿತಿ ನಮ್ಮೆಲ್ಲರಿಗೂ ಇಲ್ಲ. ಹೀಗಿರುವಾಗ ಬಂದೂಕಿನ ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ಇಟ್ಟುಕೊಳ್ಳುವ ಹೊಣೆ ಅಗ್ಗವಾಗುವುದಿಲ್ಲ.

ಆದ್ದರಿಂದ ಹೆಚ್ಚಿನವರ ಮುಂದೆ ನಿಜವಾಗಿ ಉಳಿಯುವುದು ಏರ್ ರೈಫಲ್. ನಳಿಕೆಯ ಅಳತೆ 4.5 ಮಿಲಿಮೀಟರ್, ಅಂದರೆ .177 ಇಂಚು ಮೀರದ, ಪೆಲೆಟ್ (ಏರ್ ಗನ್ನಿನ ಪುಟ್ಟ ಗುಂಡು) ನಳಿಕೆಯ ಬಾಯಿಯಿಂದ ಹೊರಡುವಾಗಿನ ಶಕ್ತಿ 20 ಜೌಲ್ ದಾಟದ ಏರ್ ಗನ್ನಿಗೆ ಪರವಾನಗಿ ಬೇಕಾಗಿಲ್ಲ. ಅಂಗಡಿಯಲ್ಲಿ ಗುರುತಿನ ಚೀಟಿ ಕೊಟ್ಟು, ರಸೀದಿ ಪಡೆದು ಕೊಳ್ಳಬಹುದು.

ಇಲ್ಲಿಯೇ ಹೊಸಬರು ದಾರಿ ತಪ್ಪುವುದನ್ನು ನಾನು ಬೇಸರದಿಂದ ನೋಡಿದ್ದೇನೆ. ಕಾನೂನು 20 ಜೌಲಿನವರೆಗೆ ಬಿಟ್ಟಿದೆಯೆಂದರೆ ಅಷ್ಟನ್ನೂ ಕೊಳ್ಳಬೇಕೆಂದು ಅವರು ಭಾವಿಸುತ್ತಾರೆ. ಸ್ಪರ್ಧೆಯ 10 ಮೀಟರ್ ಏರ್ ರೈಫಲ್ ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್ ಅನ್ನು ಸೆಕೆಂಡಿಗೆ ಹೆಚ್ಚುಕಡಿಮೆ 175 ಮೀಟರ್ ವೇಗದಲ್ಲಿ ಬಿಡುತ್ತದೆ. ಶಕ್ತಿ ಲೆಕ್ಕ ಹಾಕಿದರೆ ಎಂಟು ಜೌಲಿನ ಆಸುಪಾಸು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಬಗೆಯ ಸೌಮ್ಯ ರೈಫಲಿನಿಂದ. ಆ ಸ್ಪರ್ಧೆಯ ಗುರಿಹಾಳೆಯ ನಡುವಿನ ಹತ್ತಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿಲಿಮೀಟರ್, ಅದನ್ನು ಮುಟ್ಟಲು ಬಲ ಬೇಕಿಲ್ಲ, ಪ್ರತಿಯೊಂದು ಪೆಲೆಟ್ ಹಿಂದಿನದರ ಹಾಗೆಯೇ ಹೊರಡಬೇಕು, ಅಷ್ಟೇ.

ಅಗ್ಗದ ರೈಫಲುಗಳು ಸಾಮಾನ್ಯವಾಗಿ ಸ್ಪ್ರಿಂಗ್ ಬಗೆಯವು. ನಳಿಕೆಯನ್ನು ಮಡಚಿದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ. ಟ್ರಿಗರ್ ಎಳೆದ ಕೂಡಲೇ ತೂಕದ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ರೈಫಲ್ ಹಿಂದಕ್ಕೆ ಸರಿದು, ಪಿಸ್ಟನ್ ತಡೆದು ನಿಂತಾಗ ಮುಂದಕ್ಕೆ ಜಗ್ಗುತ್ತದೆ, ಮತ್ತು ಇದೆಲ್ಲ ಶುರುವಾಗುವಾಗ ಪೆಲೆಟ್ ಇನ್ನೂ ನಳಿಕೆಯೊಳಗೇ ಇರುತ್ತದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಈ ಅಲುಗಾಟ ಹೆಚ್ಚು, ಹಿಡಿತದ ಸಣ್ಣ ವ್ಯತ್ಯಾಸವೂ ಹಾಳೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಅಂಥ ಬಂದೂಕಿನ ಮೇಲೆ ಸಾಮಾನ್ಯ ದುರ್ಬೀನು ಕೂರಿಸಿದರೆ ಈ ಎರಡು ದಿಕ್ಕಿನ ಜಗ್ಗಾಟಕ್ಕೆ ಅದರ ಒಳಭಾಗವೇ ಸಡಿಲಾಗಬಹುದು. ಪೆಲೆಟ್ ಶಬ್ದದ ವೇಗಕ್ಕೆ ಹತ್ತಿರವಾದರಂತೂ ಅದರ ಸ್ಥಿರತೆಯೇ ಕೆಡುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ವೇಗದ ಅಂಕಿಯನ್ನು ದೊಡ್ಡದಾಗಿ ಮುದ್ರಿಸಿದ ಅಗ್ಗದ ಮಾಲನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಗುರಿ ಹೊಡೆಯುವವರಿಗೆ ಹಾಳೆಯ ತೂತೇ ಗುರು. ತೂತು ಎಡಕ್ಕೆ ಬಿತ್ತೆಂದರೆ ಟ್ರಿಗರ್ ಎಳೆದದ್ದು ತಪ್ಪಿತೋ, ಉಸಿರು ತಪ್ಪಿತೋ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಬೇಕು. ಮಡಚುವ ನಳಿಕೆ ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂರದಿದ್ದರೆ ಆ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ತಪ್ಪು ಕೈಯದೋ ಬಂದೂಕಿನದೋ ತಿಳಿಯುವುದಿಲ್ಲ. ಹದಿಹರೆಯದವರು ಇಂಥ ಬಂದೂಕಿನಿಂದಲೇ ಮನಸ್ಸು ಮುರಿದುಕೊಂಡು, ತಮಗೆ ಗುರಿ ಹೊಡೆಯಲು ಬಾರದೆಂದು ಕ್ರೀಡೆ ಬಿಡುವುದು ನನಗೆ ನಿಜಕ್ಕೂ ನೋವು ತರುವ ಸಂಗತಿ. ಕೊಳ್ಳುವ ಮುನ್ನ ಮರಳಿನ ಚೀಲದ ಮೇಲೆ ಹಗುರವಾಗಿ ಇಟ್ಟು, 10 ಮೀಟರ್ ದೂರದಿಂದ ಐದು ಪೆಲೆಟ್ ಹೊಡೆದು ನೋಡಲು ಅವಕಾಶ ಕೇಳಿ. ತೂತುಗಳು ನಡುವಿನಿಂದ ದೂರವಿದ್ದರೂ ಚಿಂತೆಯಿಲ್ಲ, ಒಂದಕ್ಕೊಂದು ತಗುಲಿದಂತೆ ಬಿದ್ದರೆ ಸಾಕು. ಗುರಿ ನೋಡುವ ಸೈಟನ್ನು ಆಮೇಲೆ ಸರಿಪಡಿಸಬಹುದು. ಉಳಿಸಿದ ಹಣವನ್ನು ಒಳ್ಳೆಯ ಚಪ್ಪಟೆ ಮೂತಿಯ ಪೆಲೆಟ್‌ಗಳಿಗೆ ಹಾಕಿ, ಅವು ಹಾಳೆಯನ್ನು ದುಂಡಗೆ ಕತ್ತರಿಸುವುದರಿಂದ ಅಂಕ ಎಣಿಸುವುದು ಸುಲಭ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲಿನ ಟ್ರಿಗರ್ ಎಳೆಯಬೇಡಿ. ಎದುರಿಗೆ ಗಾಳಿಯ ತಡೆಯಿಲ್ಲದೆ ಪಿಸ್ಟನ್ ನೇರವಾಗಿ ಹೋಗಿ ಬಡಿಯುತ್ತದೆ.

ಎಲ್ಲಿ ಹೊಡೆಯುತ್ತೀರಿ ಎಂಬುದನ್ನು ಕೊಳ್ಳುವ ಮೊದಲೇ ನಿರ್ಧರಿಸಿ. ಕೋಥ್ರೂಡ್ ಅಥವಾ ಠಾಣೆಯ ಸೊಸೈಟಿಯ ಟೆರೇಸು ಶೂಟಿಂಗ್ ರೇಂಜ್ ಅಲ್ಲ. ಗೋಡೆಗೆ ತಗುಲಿ ಚಿಮ್ಮಿದ ಪೆಲೆಟ್ ಒಂದು ಕಣ್ಣನ್ನು ಶಾಶ್ವತವಾಗಿ ಕಸಿದುಕೊಳ್ಳಬಲ್ಲದು. ಪುಣೆಯ ಬಾಲೆವಾಡಿಯ ಶಿವಛತ್ರಪತಿ ಕ್ರೀಡಾ ಸಂಕುಲದಲ್ಲಿ ಶೂಟಿಂಗ್ ರೇಂಜ್ ಇದೆ, ಮುಂಬೈಯ ವರಳಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜ್ ಇದೆ. ಕ್ಲಬ್ಬೊಂದರ ರೈಫಲಿನಲ್ಲಿ ಕೆಲವು ತಿಂಗಳು ಕಲಿತ ಮೇಲೂ ಆಸೆ ಉಳಿದಿದ್ದರೆ, ಮೇಲಿನ ದರ್ಜೆಗೆ ಹೋದ ಶೂಟರುಗಳು ಮಾರುವ ಹಳೆಯ ರೈಫಲುಗಳನ್ನು ತರಬೇತುದಾರರ ಜೊತೆ ಹೋಗಿ ನೋಡಿ. ಅದೇ ಬೆಲೆಯ ಹೊಸ ಸ್ಪ್ರಿಂಗ್ ರೈಫಲಿಗಿಂತ, ಚೆನ್ನಾಗಿ ನೋಡಿಕೊಂಡ ಇಂಥ ಹಳೆಯದನ್ನೇ ನಾನು ಆರಿಸಿಕೊಳ್ಳುತ್ತೇನೆ. ನಳಿಕೆ, ಗಾಳಿ ಸೋರದಂತೆ ತಡೆಯುವ ಸೀಲು, ಟ್ರಿಗರ್ ಮೂರನ್ನೂ ಪರೀಕ್ಷಿಸಿ, ಮಾರಾಟದ ಕಾಗದ ಕೈಗೆ ಬಂದ ಮೇಲೆ ಮಾತ್ರ ಹಣ ಕೊಡಿ.