ಒಪ್ಪಿಗೆಯ ಮೇಲ್ ಬಂದ ದಿನ

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಜಾಸ್ತಿ ಜನ ಪಿಎಚ್‌ಡಿ ಮಾಡುತ್ತಿರುವವರು. ಹಾಗಾಗಿ ನೀವೆಲ್ಲ ಕಾಯುವ ಒಂದು ಮೇಲ್‌ನಿಂದಲೇ ಶುರು ಮಾಡುತ್ತೇನೆ. ‘ನಿಮ್ಮ ಲೇಖನವನ್ನು ಪ್ರಕಟಣೆಗೆ ಒಪ್ಪಿಕೊಂಡಿದ್ದೇವೆ’ ಅನ್ನುವ ಮೇಲ್.

ನನ್ನ ಮೊದಲ ಪೇಪರ್‌ಗೆ ಆ ಮೇಲ್ ಬಂದಾಗ ಜೊತೆಗೆ ಒಂದು ಫಾರ್ಮ್ ಇತ್ತು. ಖುಷಿಯಲ್ಲಿ ಓದಲೇ ಇಲ್ಲ, ಸಹಿ ಹಾಕಿ ಕಳಿಸಿಬಿಟ್ಟೆ. ಕೆಲವು ವರ್ಷಗಳ ನಂತರ ಬೇರೆ ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿನ ಲೈಬ್ರರಿ ಆ ಜರ್ನಲ್‌ಗೆ ಚಂದಾ ಕಟ್ಟಿರಲಿಲ್ಲ. ನನ್ನದೇ ಪೇಪರ್ ತೆರೆಯಲು ಹೋದರೆ, ಓದಬೇಕಾದರೆ ದುಡ್ಡು ಕಟ್ಟಿ ಅಂತ ಬಂತು. ಮೂರು ವರ್ಷದ ಕೆಲಸ ಅದು. ಹೊಟ್ಟೆ ಉರಿಯಿತು. ಹಳೆಯ ಫಾರ್ಮ್ ಹುಡುಕಿ ಓದಿದಾಗ ಗೊತ್ತಾಯಿತು, ಹಕ್ಕನ್ನೆಲ್ಲ ನಾನೇ ಬರೆದುಕೊಟ್ಟಿದ್ದೆ.

ಓಪನ್ ಆಕ್ಸೆಸ್, ಅಂದರೆ ಲೇಖನವನ್ನು ಯಾರು ಬೇಕಾದರೂ ದುಡ್ಡು ಕಟ್ಟದೆ ಓದುವಂತಿರಬೇಕು ಅನ್ನುವ ಮುಕ್ತ ಪ್ರವೇಶದ ನಿಯಮಗಳು ಹುಟ್ಟಿದ್ದೇ ಈ ಸಂಕಟದಿಂದ. ಸಂಶೋಧನೆಗೆ ಹಣ ಕೊಟ್ಟವರು ಜನ. ಬರೆದವರು ನಾವು. ಪೀರ್ ರಿವ್ಯೂ, ಅಂದರೆ ಪ್ರಕಟಣೆಗೆ ಮುಂಚೆ ಲೇಖನವನ್ನು ಪರಿಶೀಲಿಸುವ ಕೆಲಸ ಮಾಡುವವರೂ ನಮ್ಮವರೇ, ಅದೂ ಸಾಮಾನ್ಯವಾಗಿ ಬಿಟ್ಟಿಯಾಗಿ. ಕೊನೆಗೆ ಓದಲು ಮತ್ತೆ ಲೈಬ್ರರಿ ದುಡ್ಡು ಕೊಡಬೇಕು. ಇದು ಸರಿಯಲ್ಲ ಅಲ್ವಾ? 2002ರಲ್ಲಿ ಓಪನ್ ಆಕ್ಸೆಸ್ ಬಗ್ಗೆ ಬಂದ ಬುಡಾಪೆಸ್ಟ್ ಘೋಷಣೆ ಎರಡು ದಾರಿ ತೋರಿಸಿತು. ಒಂದು, ಲೇಖಕರೇ ತಮ್ಮ ಲೇಖನವನ್ನು ಮುಕ್ತ ಸಂಗ್ರಹದಲ್ಲಿ, ಅಂದರೆ ರೆಪೊಸಿಟರಿಯಲ್ಲಿ ಇಡುವುದು. ಇನ್ನೊಂದು, ಜರ್ನಲ್ಲೇ ಮುಕ್ತವಾಗಿರುವುದು.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಓಪನ್ ಆಕ್ಸೆಸ್ ಅಂದರೆ ಲೇಖಕರು ದುಡ್ಡು ಕಟ್ಟುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ‘ನೇಚರ್’ ಪತ್ರಿಕೆ 2021ರಲ್ಲಿ ಒಂದು ಲೇಖನಕ್ಕೆ 9,500 ಯೂರೋ ಶುಲ್ಕ ಇಟ್ಟಾಗ ಈ ನಂಬಿಕೆ ಇನ್ನೂ ಗಟ್ಟಿಯಾಯಿತು. ಆದರೆ ಹೆಚ್ಚಿನ ವಿಶ್ವವಿದ್ಯಾಲಯಗಳ ನಿಯಮ ಕೇಳುವುದು ಶುಲ್ಕವನ್ನಲ್ಲ, ಒಂದು ಫೈಲನ್ನು. ಲೇಖಕರಿಂದಲೂ ಓದುಗರಿಂದಲೂ ಏನನ್ನೂ ತೆಗೆದುಕೊಳ್ಳದ ಜರ್ನಲ್‌ಗಳೂ ಇವೆ. ಅವನ್ನು ಡೈಮಂಡ್ ಅನ್ನುತ್ತಾರೆ.

ಆ ಫೈಲ್ ಯಾವುದು? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಎಡವುವುದು ಇಲ್ಲೇ. ನಿಮ್ಮ ಪೇಪರ್‌ಗೆ ಮೂರು ರೂಪ ಇರುತ್ತವೆ. ಮೊದಲು ಜರ್ನಲ್‌ಗೆ ಕಳಿಸಿದ್ದು, ಅದು ಪ್ರಿಪ್ರಿಂಟ್. ರಿವ್ಯೂ ಮಾಡಿದವರು ಹೇಳಿದ್ದನ್ನೆಲ್ಲ ತಿದ್ದಿ, ಸಂಪಾದಕರು ಒಪ್ಪಿದ ವರ್ಡ್ ಅಥವಾ ಲೇಟೆಕ್ ಪ್ರತಿ ಎರಡನೆಯದು. ಎರಡು ಕಾಲಂ, ಲೋಗೊ, ಪುಟ ಸಂಖ್ಯೆ ಹಾಕಿ ಪ್ರಕಾಶಕರು ಅಚ್ಚುಕಟ್ಟು ಮಾಡಿದ್ದು ಮೂರನೆಯದು. ರೆಪೊಸಿಟರಿಗೆ ಬೇಕಾಗಿರುವುದು ಸಾಮಾನ್ಯವಾಗಿ ಆ ಎರಡನೆಯದು. ಎಷ್ಟೋ ಜನ ಪ್ರೂಫ್ ಪಿಡಿಎಫ್, ಅಂದರೆ ಪ್ರಕಾಶಕರು ತಿದ್ದಿ ನೋಡಲು ಕಳಿಸಿದ ಪ್ರತಿ ಹಾಕುತ್ತಾರೆ. ಅದು ಪ್ರಕಾಶಕರ ವಿನ್ಯಾಸ, ಲೈಬ್ರರಿಯವರು ವಾಪಸ್ ಕಳಿಸಬೇಕಾಗುತ್ತದೆ. ಆಮೇಲೆ ‘ಫೈನಲ್ 2’, ‘ಫೈನಲ್ ಹೊಸದು’, ‘ಗೈಡ್ ನೋಡಿದ್ದು’ ಅನ್ನುವ ಹತ್ತು ಫೈಲ್‌ಗಳ ನಡುವೆ ಅಸಲಿ ಯಾವುದು ಅಂತ ಹುಡುಕಾಟ. ಎಷ್ಟೋ ಸಲ ಅದು ಸಹಲೇಖಕರ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇರುತ್ತದೆ. ಒಪ್ಪಿಗೆ ಬಂದ ದಿನವೇ ಹಾಕಿದ್ದರೆ ಹತ್ತು ನಿಮಿಷದ ಕೆಲಸ.

ಇದನ್ನು ನಿಯಮ ಮಾಡಬೇಕಾ, ಒಳ್ಳೆಯ ಮಾತಲ್ಲಿ ಕೇಳಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಕೇಳಿ ನೋಡಿದ್ದಾಗಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ 2005ರಲ್ಲಿ ತನ್ನ ಹಣ ಪಡೆದವರನ್ನು ಬರೀ ವಿನಂತಿ ಮಾಡಿತು. ಹಾಕಿದವರು ತೀರಾ ಕಡಿಮೆ. 2008ರಲ್ಲಿ ಕಡ್ಡಾಯ ಮಾಡಿದ ಮೇಲೆ ಲೇಖನಗಳು ಬರತೊಡಗಿದವು. ಆಗ ಪ್ರಕಟವಾದ ಮೇಲೆ 12 ತಿಂಗಳವರೆಗೆ ಮುಚ್ಚಿಡಲು ಅವಕಾಶ ಇತ್ತು. ಅದನ್ನೇ ಎಂಬಾರ್ಗೊ ಅನ್ನುವುದು. 2025ರ ಜುಲೈ 1ರಿಂದ ಅದೂ ಹೋಯಿತು.

ನನಗೆ ತುಂಬಾ ಇಷ್ಟವಾದದ್ದು ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ದಾರಿ. ಅಲ್ಲಿ ದಂಡ ಇಲ್ಲ, ಗದರಿಕೆ ಇಲ್ಲ. ಬಡ್ತಿಗೆ ಅರ್ಜಿ ಹಾಕಿದಾಗ ನಮ್ಮ ರೆಪೊಸಿಟರಿಯಲ್ಲಿರುವ ಲೇಖನಗಳ ಪಟ್ಟಿಯನ್ನು ಮಾತ್ರ ನೋಡುತ್ತೇವೆ ಅಂದರು, ಅಷ್ಟೇ. ಬ್ರಿಟನ್ ಕೂಡ 2021ರ ಸಂಶೋಧನಾ ಮೌಲ್ಯಮಾಪನಕ್ಕೆ ಇಂಥದ್ದೇ ಷರತ್ತು ಇಟ್ಟಿತ್ತು. ಒಪ್ಪಿಗೆ ಸಿಕ್ಕ ಮೂರು ತಿಂಗಳ ಒಳಗೆ ಜರ್ನಲ್ ಲೇಖನದ ಪ್ರತಿ ರೆಪೊಸಿಟರಿ ಸೇರಬೇಕು ಅಂತ.

ಹಾಗಾದರೆ ಹಕ್ಕು ಬರೆದುಕೊಡುವ ಆ ಫಾರ್ಮ್ ಗತಿ ಏನು? 2008ರ ಫೆಬ್ರವರಿಯಲ್ಲಿ ಹಾರ್ವರ್ಡ್‌ನ ಕಲೆ ಮತ್ತು ವಿಜ್ಞಾನ ವಿಭಾಗದ ಅಧ್ಯಾಪಕರು ಇದಕ್ಕೊಂದು ದಾರಿ ಹುಡುಕಿದರು. ಲೇಖನವನ್ನು ಹಂಚುವ ಅನುಮತಿಯನ್ನು ಮೊದಲೇ ವಿಶ್ವವಿದ್ಯಾಲಯಕ್ಕೆ ಕೊಡುತ್ತೇವೆ ಅಂತ ತಾವೇ ಒಮ್ಮತದಿಂದ ನಿರ್ಣಯ ಮಾಡಿದರು. ಮೇಲಿನಿಂದ ಹೇರಿದ್ದಲ್ಲ, ಬರೆಯುವವರೇ ಒಪ್ಪಿಕೊಂಡಿದ್ದು. ಬೇಡ ಅನಿಸಿದವರು ಆ ಒಂದು ಲೇಖನಕ್ಕೆ ವಿನಾಯಿತಿ ಕೇಳಬಹುದು. ನಿಮ್ಮಲ್ಲಿ ಇಂಥ ನಿಯಮ ಇಲ್ಲದಿದ್ದರೂ ಲೇಖನ ಕಳಿಸುವಾಗಲೇ ಒಂದು ಸಾಲು ಸೇರಿಸಬಹುದು: ‘ಒಪ್ಪಿಗೆಯಾದ ಪ್ರತಿಗೆ ಸಿಸಿ ಬೈ ಲೈಸೆನ್ಸ್ ಅನ್ವಯಿಸಲಾಗಿದೆ’. ಸಿಸಿ ಬೈ ಅಂದರೆ ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಹಂಚಬಹುದು ಅನ್ನುವ ಅನುಮತಿ. ಆದರೆ ಸಹಿ ಹಾಕುವ ಫಾರ್ಮ್ ಇದಕ್ಕೆ ವಿರುದ್ಧವಾಗಿದೆಯಾ ಅಂತ ಓದಿ. ವಿರುದ್ಧವಾಗಿದ್ದರೆ ಸಂಪಾದಕರಿಗೆ ಬರೆಯಿರಿ. ಕೇಳುವುದರಲ್ಲಿ ತಪ್ಪೇನಿಲ್ಲ.

ರೋಗಿಗಳ ಗುರುತು ಬಿಟ್ಟುಕೊಡುವ ವಿವರ, ಬೇರೆಯವರ ಹಕ್ಕಿರುವ ಚಿತ್ರ ಇಂಥವುಗಳ ಲೆಕ್ಕವೇ ಬೇರೆ. ಅವನ್ನು ಲೈಬ್ರರಿಯವರ ಜೊತೆ ಕೂತು ತೀರ್ಮಾನಿಸಿ.

ಒಂದು ಕೆಲಸ ಹೇಳಿ ಮಾತು ನಿಲ್ಲಿಸುತ್ತೇನೆ. ಇವತ್ತು ರಾತ್ರಿ ನಿಮ್ಮ ಕೊನೆಯ ಪೇಪರ್‌ನ ಒಪ್ಪಿಗೆ ಮೇಲ್ ತೆರೆಯಿರಿ. ಅದಕ್ಕೂ ಮುಂಚೆ ನೀವು ಕಳಿಸಿದ ಕೊನೆಯ ಫೈಲ್ ಯಾವುದು ನೋಡಿ. ಅದೇ ಬೇಕಾಗಿರುವುದು. ಸಿಗದಿದ್ದರೆ ಜರ್ನಲ್‌ನ ಸಬ್‌ಮಿಷನ್ ಸೈಟ್‌ಗೆ ಲಾಗಿನ್ ಆಗಿ, ಸಾಮಾನ್ಯವಾಗಿ ಅಲ್ಲಿರುತ್ತದೆ. ನಾಳೆ ಬೆಳಗ್ಗೆ ರೆಪೊಸಿಟರಿಗೆ ಹಾಕಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ನನಗೂ ಬರೆಯಿರಿ. ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ.