ಬ್ರೌನ್ ಏಲ್‌ಗೆ ರಾಗಿ ಹುರಿಹಿಟ್ಟು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು, ಮನೆಯಲ್ಲೇ ಬಿಯರ್ ಮಾಡುವ ನಾವೆಲ್ಲ ಕೂತು ರುಚಿ ನೋಡಿದೆವಲ್ಲ, ಆ ಬ್ರೌನ್ ಏಲ್‌ಗಳಲ್ಲಿ ಒಂದಕ್ಕೆ ಚಕ್ಕೆ, ಕಾಫಿ, ಕೊಬ್ಬರಿ, ವೆನಿಲಾ, ಕಿತ್ತಳೆ ಸಿಪ್ಪೆ ಎಲ್ಲ ಬಿದ್ದಿತ್ತು. ಮಾಡಿದವರ ಉತ್ಸಾಹ ನನಗೆ ತುಂಬ ಹಿಡಿಸಿತು. ಆದರೆ ಅದರಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಎಲ್ಲಿದೆ ಅಂತ ಹುಡುಕಬೇಕಾಯಿತು. ಅದಕ್ಕೇ ಇವತ್ತಿನ ಈ ಅರ್ಧ ಗಂಟೆಯನ್ನು ನಾನೇ ಕೇಳಿ ತಗೊಂಡೆ. ಹೊಸ ಸಾಮಾನು ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಹಾಕುವ ಮುಂಚೆ ಅದನ್ನು ಒಂದು ಮಾತು ಕೇಳಿ: ನಿನಗೆ ಇಲ್ಲಿ ಏನು ಕೆಲಸ?

ಬ್ರೌನ್ ಏಲ್ ಸಾಧು ಬಿಯರ್. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1927ರಲ್ಲಿ ಬಂದ ಬ್ರೌನ್ ಏಲ್ ನಿಮಗೆಲ್ಲ ಗೊತ್ತು. ಬ್ರೆಡ್ಡಿನ ಹೊರಪದರ, ಹುರಿದ ಕಾಳು, ಸ್ವಲ್ಪ ಸುಟ್ಟ ಸಕ್ಕರೆ, ಇಷ್ಟೇ ಅದರ ರುಚಿ. ಕಹಿ ಕಮ್ಮಿ. ಹಾಗಾಗಿ ಹೊರಗಿನಿಂದ ಏನು ಬಂದರೂ ಥಟ್ಟನೆ ಎದ್ದು ಕಾಣುತ್ತದೆ.

ಈಗ ನನ್ನ ರಾಗಿ ಕಥೆ. ಕೆಲವರು ಆಗಲೇ ಕೇಳಿದ್ದೀರಿ, ಇನ್ನೊಂದು ಸಲ ಕೇಳಿ. ಮೊದಲ ಸಲ ಇಲ್ಲಿಯ ಇಂಡಿಯನ್ ಅಂಗಡಿಯಿಂದ ರಾಗಿ ಹಿಟ್ಟು ತಂದು, ಒಂದು ಕೆ.ಜಿ. ಹಾಗೇ, ಪಿಷ್ಟ ಸಕ್ಕರೆಯಾಗಲೆಂದು ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿಡುವ ಮ್ಯಾಶ್‌ಗೆ ಸುರಿದೆ. 67 ಡಿಗ್ರಿ, ಒಂದು ಗಂಟೆ. ಅಯೋಡಿನ್ ಒಂದು ಹನಿ ಬಿಟ್ಟರೆ ಕಡುನೀಲಿ! ಪಿಷ್ಟ ಇನ್ನೂ ಹಾಗೇ ಕೂತಿದೆ. ಗ್ರ್ಯಾವಿಟಿ, ಅಂದರೆ ರಸದಲ್ಲಿ ಕರಗಿದ ಸಕ್ಕರೆಯ ಅಳತೆ, ಮೇಲೇಳಲಿಲ್ಲ. ಸೋಸಲು ಹೋದರೆ ಹಿಟ್ಟು ತಳದಲ್ಲಿ ಕೆಸರಿನಂತೆ ಕಟ್ಟಿಕೊಂಡು, ವರ್ಟ್, ಅಂದರೆ ಮಾಲ್ಟಿನ ಸಿಹಿ ರಸ, ತೊಟ್ಟು ತೊಟ್ಟಾಗಿ ಇಳಿಯಿತು.

ಆಗ ಅಮ್ಮ ಊರಿಂದ ಬಂದಿದ್ದಳು. ಗ್ಯಾರೇಜಿಗೆ ಬಂದು ಪಾತ್ರೆಯೊಳಗೆ ಇಣುಕಿ, ಒಂದು ಚೂರು ಬೆರಳಲ್ಲಿ ತೆಗೆದು ಉಜ್ಜಿ ನೋಡಿದಳು. "ಇದು ಬೆಂದೇ ಇಲ್ವಲ್ಲೋ," ಅಂದಳು. "ಮುದ್ದೆ ಮಾಡೋಕೆ ಎಸರು ಕುದೀಬೇಕು ತಾನೇ? ಬೇಯಿಸೋಕೆ ಬೇಜಾರು ಅಂದ್ರೆ ಹುರಿಹಿಟ್ಟು ಹಾಕು. ಅದು ಅರಳುವಾಗಲೇ ಬೆಂದಿರುತ್ತೆ." ನಾನು ಹಾಗೇ ನಿಂತುಬಿಟ್ಟೆ. ಪಿಷ್ಟ ಬೆಂದು ಅರಳದೆ ಎಂಜೈಮ್‌ಗಳಿಗೆ ಸರಿಯಾಗಿ ಸಿಗುವುದಿಲ್ಲ ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಅದನ್ನೇ ಅಮ್ಮ ಬೆರಳಲ್ಲಿ ಉಜ್ಜಿ ಹೇಳಿದ್ದಳು. ಒದ್ದೆ ಮಾಡಿದ ರಾಗಿಯನ್ನು ಕಾದ ಮರಳಲ್ಲಿ ಹುರಿದರೆ ಕಾಳು ಪಟಪಟ ಅಂತ ಅರಳುತ್ತೆ. ಒಳಗಿನ ತೇವವೇ ಹಬೆಯಾಗಿ ಪಿಷ್ಟವನ್ನು ಬೇಯಿಸುತ್ತೆ. ಆಮೇಲೆ ಬೀಸುತ್ತಾರೆ. ಬಾರ್ಲಿ ಮಾಲ್ಟಿನ ಎಂಜೈಮ್‌ಗಳು ಈ ಹಿಟ್ಟನ್ನು ಅದೇ 67 ಡಿಗ್ರಿಯಲ್ಲಿ ಸಕ್ಕರೆ ಮಾಡುತ್ತವೆ.

ಅಷ್ಟೇ ಅಲ್ಲ, ಹುರಿಹಿಟ್ಟಿಗೆ ಘಮ ಇದೆ. ಹುರಿದ ಕಾಳಿನ ಘಮ, ಬ್ರೌನ್ ಏಲ್ ಕೇಳುವುದೂ ಅದನ್ನೇ. ನಿನಗೆ ಏನು ಕೆಲಸ ಅಂದರೆ ಹುರಿಹಿಟ್ಟು ಉತ್ತರ ಕೊಡುತ್ತೆ. ಚಕ್ಕೆ ಕೊಡುವುದಿಲ್ಲ. ಚಕ್ಕೆ ಎಲ್ಲಿ ಹೋದರೂ ಚಕ್ಕೆಯೇ.

ಬರೆದುಕೊಳ್ಳುವವರಿಗೆ ಅಳತೆ ಹೇಳುತ್ತೇನೆ. ಇದು 19 ಲೀಟರಿಗೆ. ಪೇಲ್ ಮಾಲ್ಟ್ 3.2 ಕೆ.ಜಿ., ಕ್ರಿಸ್ಟಲ್ 60 ಮಾಲ್ಟ್ (60 ಅನ್ನುವುದು ಬಣ್ಣದ ಅಳತೆ) 400 ಗ್ರಾಂ, ಚಾಕೊಲೇಟ್ ಮಾಲ್ಟ್ (ಕಪ್ಪಗೆ ಹುರಿದ ಮಾಲ್ಟ್, ಚಾಕೊಲೇಟ್ ಅಲ್ಲ) 200 ಗ್ರಾಂ, ಹುರಿಹಿಟ್ಟು 500 ಗ್ರಾಂ. ಹಿಟ್ಟು ನುಣ್ಣಗಿರುವುದರಿಂದ ಎರಡು ಹಿಡಿ ಭತ್ತದ ಹೊಟ್ಟು ಸೇರಿಸಿ, ಸೋಸುವುದು ಸಲೀಸಾಗುತ್ತೆ. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಅನ್ನುವ ಹಾಪ್ಸ್, ಅಂದರೆ ಕಹಿ ಕೊಡುವ ಹೂವು, 45 ಗ್ರಾಂ, ಪೂರ್ತಿ ಒಂದು ಗಂಟೆ ಕುದಿಯಲಿ. ಕೊನೆಯ ಹತ್ತು ನಿಮಿಷಕ್ಕೆ 350 ಗ್ರಾಂ ಬೆಲ್ಲ. ಗ್ರ್ಯಾವಿಟಿ 1.055ರ ಆಸುಪಾಸು ಬರಬೇಕು.

ಬೆಲ್ಲದ ಬಗ್ಗೆ ಒಂದು ಮಾತು. ಬೆಲ್ಲ ಹಾಕಿದರೆ ಸಿಹಿ ಜಾಸ್ತಿ ಆಗುತ್ತೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಆಗಲ್ಲ. ಸಿಹಿಯನ್ನು ಹೆಚ್ಚುಕಮ್ಮಿ ಪೂರ್ತಿ ಯೀಸ್ಟ್ ತಿಂದುಬಿಡುತ್ತೆ. ಉಳಿಯುವುದು ಆಲೆಮನೆಯ ವಾಸನೆ ಮಾತ್ರ. ಬಿಯರ್ ತೆಳುವೂ ಆಗುತ್ತೆ. ಬಾಯಿಗೆ ಸಿಹಿ ಬೇಕಾದರೆ ಅದು ಕ್ರಿಸ್ಟಲ್ ಮಾಲ್ಟಿನ ಕೆಲಸ. ಬೆಲ್ಲ 700 ಗ್ರಾಂ ಹಾಕಿ ನೋಡಿದ್ದೇನೆ. ನೀರುನೀರಾಯಿತು.

ಹಾಂ, ಒಂದು ಎಚ್ಚರಿಕೆ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಇಲ್ಲಿ ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಬಹುದು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವಂತಿಲ್ಲ. ರಜೆಗೆ ಊರಿಗೆ ಹೋದಾಗ ಅಲ್ಲಿ ಮಾಡಲು ಹೋಗಬೇಡಿ. ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮಾಡುವಂತಿಲ್ಲ.

ಐದೇ ನಿಮಿಷ ಅಂತ ಚೀಟಿ ಬಂತು. ಕಾಫಿ, ಕೊಬ್ಬರಿ ಎರಡೂ ಉಳಿದವು. ಕೊಬ್ಬರಿಯಲ್ಲಿ ಎಣ್ಣೆ ಇದೆ, ನೊರೆ ನಿಲ್ಲುವುದಿಲ್ಲ. ಹಾಕಲೇಬೇಕಾದರೆ ಹುರಿದು, ಎಣ್ಣೆಯನ್ನು ಕಾಗದದಲ್ಲಿ ಒತ್ತಿ ತೆಗೆದು ಹಾಕಿ. ಕಾಫಿ ಪುಡಿಯನ್ನು ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿ ಸೋಸಿ, ಹುದುಗು ಮುಗಿದ ಮೇಲೆ ಸೇರಿಸಿ. ಮಿಕ್ಕಿದ್ದು ಆಮೇಲೆ ಕೇಳಿ, ಹೇಳುತ್ತೇನೆ.

ಹಿಂದಿನ ಮೇಜಿನ ಮೇಲೆ ಒಂದು ಡಬ್ಬಿ ಹುರಿಹಿಟ್ಟು, ಪಕ್ಕದಲ್ಲೇ ಚಾಕೊಲೇಟ್ ಮಾಲ್ಟ್ ಇಟ್ಟಿದ್ದೇನೆ. ಮೊದಲು ಮಾಲ್ಟ್ ಎರಡು ಕಾಳು ಅಗಿಯಿರಿ. ಆಮೇಲೆ ಹುರಿಹಿಟ್ಟು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಿ. ಎರಡೂ ಹೊಂದುತ್ತಾ ಇಲ್ವಾ, ಬಂದು ನನಗೆ ಹೇಳಿ.